ಇಲಿಯಮ್ಮನ ಡ್ರಾಯರು

ಸಾಲ್ಟೊ ಊರಿನ ಮಕ್ಕಳು ನನ್ನನ್ನು
ಇಲಿಯಮ್ಮ ಅನ್ನುತ್ತಾರೆ.
ಉರುಗ್ವೆಯಲ್ಲಿ ಉದುರಿದ ಹಲ್ಲು ದಿಂಬಿನಡಿ ಇಟ್ಟರೆ
ರಾತ್ರಿ ಇಲಿ ಬಂದು ಒಯ್ದು, ಕಾಸಿಟ್ಟು ಹೋಗುತ್ತದೆ.
ನಾನು ಹಗಲಲ್ಲೇ ಹೋಗುತ್ತೇನೆ, ಬಾಗಿಲು ತಟ್ಟಿ,
ಸಂಸ್ಥೆಯ ಬಿಲ್ಲೆ ಕೊರಳಿಗೆ ಹಾಕಿಕೊಂಡು.
ಪೆನ್ಸಿಲ್ ಡಬ್ಬಿ ಕೊಟ್ಟು, ತಾಯಿಯ ಸಹಿ ಪಡೆದು
ಹಲ್ಲು ತರುತ್ತೇನೆ.
"ಹಾಗಾದರೆ ಇಲಿಗೆ ಏನು?" ಅಂದಳು ಒಬ್ಬಳು.
ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಆರುನೂರ ಹನ್ನೆರಡು ಹಾಲುಹಲ್ಲು,
ಒಂದೂ ಅವರೆಕಾಳಿಗಿಂತ ದೊಡ್ಡದಿಲ್ಲ.
ಒಂದು ಕೊಳವೆ ಮಾತ್ರ ಖಾಲಿ, ಒಳಗೆ ಚೀಟಿ:
"ಕ್ಷಮಿಸಿ, ರೊಟ್ಟಿಯ ಜೊತೆ ನುಂಗಿಬಿಟ್ಟೆ. ಬೌತಿಸ್ತಾ."
ಅದಕ್ಕೂ ನಂಬರು ಹಾಕಿ ಇಟ್ಟಿದ್ದೇನೆ.

ಹಲ್ಲನ್ನು ಸೀಳಿ, ಕೂದಲಷ್ಟು ತೆಳುವಾಗಿ ತೇಯ್ದು
ಸೂಕ್ಷ್ಮದರ್ಶಕದ ಕೆಳಗೆ ಹಿಡಿದರೆ
ಕೊಯ್ದ ಮರದ ಬೊಡ್ಡೆಯ ಹಾಗೆ ಗೆರೆ ಗೆರೆ ಗೆರೆ.
ದಿನಕ್ಕೊಂದು. ಹುಟ್ಟಿದ ದಿನದ್ದು ತುಸು ಕಪ್ಪು.
ತಾಯಿ ಬಸಿರಲ್ಲಿ ನೊಂದಿದ್ದರೆ ಆ ಗೆರೆ ಅಗಲ
ಎಂಬುದು ನಮ್ಮ ಊಹೆ.
ಊಹೆ ಅಂತಲೇ ಬರೆಯಬೇಕು, ಇಲ್ಲದಿದ್ದರೆ
ಡಾಕ್ಟರ್ ಎಚೆವೆರಿಯಾ ಕೆಂಪು ಶಾಯಿ ತೆಗೆಯುತ್ತಾರೆ.

ಇನ್ನೂರ ಏಳನೆಯ ಹಲ್ಲು. ಲೌತಾರೊನದು.
ತಾಯಿ ಯಾನಿನಾ.
ನದಿ ಮನೆಯೊಳಗೆ ಬಂದು ಕೂತ ವರ್ಷದ ಬಸಿರು.
ಶಾಲೆಯ ಆಟದ ಹಾಲಿನಲ್ಲಿ ಐವತ್ತೆರಡು ದಿನ,
ಬ್ಯಾಸ್ಕೆಟ್‌ಬಾಲ್ ಗೆರೆಯೇ ಗೋಡೆ.
ಕಿತ್ತಳೆ ಶೆಡ್ಡು ಮುಚ್ಚಿ, ಗಂಡ ಗಡಿಯಾಚೆ.
ಪ್ರಶ್ನೆ ಮೂವತ್ತೊಂದು: ಕಷ್ಟದಲ್ಲಿ ಯಾರ ನೆರವು ಸಿಕ್ಕಿತು?
ಉತ್ತರ: ಯಾರದೂ ಇಲ್ಲ.
ಒತ್ತಿ ಬರೆದಿದ್ದಾಳೆ, ಹಿಂದಿನ ಪುಟದಲ್ಲೂ ಮೂಡಿದೆ.

ಅಗಲ ಗೆರೆಗೆ ಸಿದ್ಧಳಾಗಿ ಕಣ್ಣಿಟ್ಟೆ.
ಗೆರೆ ತೆಳ್ಳಗಿತ್ತು.
ಗಾಜು ಒರೆಸಿ ನೋಡಿದೆ.
ನಂಬರು ಅದಲುಬದಲಾಯಿತೇನೋ ಅಂತ
ಡ್ರಾಯರೆಲ್ಲ ಕೆದಕಿದೆ.
ತೆಳ್ಳಗೆ, ಹೊಲಿಗೆ ದಾರದ ಒಂದು ಎಳೆಯ ಹಾಗೆ.

ಎರಡನೆಯ ಸಂದರ್ಶನದ ನೆಪ ಮಾಡಿ ಹೋದೆ.
"ನೆರವೇ? ಯಾರು ಕೊಟ್ಟರು?" ಅಂದಳು ಯಾನಿನಾ.
"ಬಂದ ಹಾಸಿಗೆ ಒದ್ದೆ, ಬಂದ ಹಾಲು ಒಡಕು.
ಪಕ್ಕದ ಹಾಸಿಗೆಯ ಎಲ್ಸಿರಾ ಇದ್ದಳು, ಬಿಡಿ.
ಅವಳೇನು ಮಾಡಿದಳು? ಬಂದು ಕೂರುವಳು.
ಸೋರೆಬುರುಡೆಯಲ್ಲಿ ಸೊಪ್ಪಿಗೆ ಬಿಸಿನೀರು ಹೊಯ್ದು
ಒಂದೇ ಕೊಳವೆ, ಅವಳೊಂದು ಗುಟುಕು, ನಾನೊಂದು ಗುಟುಕು.
ತನ್ನ ಸತ್ತ ನಾಯಿಯ ಕತೆ ಹೇಳುವಳು,
ಅದೇ ಕತೆ, ದಿನಾ.
ಸುಮ್ಮನಿರೇ ಅಂತ ಬೈದಿದ್ದೂ ಉಂಟು.
ರಾತ್ರಿ ಕಾಲು ಬಾತಾಗ ಮಡಿಲಿಗೆ ಎಳೆದುಕೊಂಡು ಒತ್ತುವಳು.
ಅದಕ್ಕೆಲ್ಲ ನೆರವು ಅಂತಾರಾ?
ಅದು ಎಲ್ಸಿರಾ."

"ಒಂದು ಹಲ್ಲು ಸಾಕ್ಷಿಯಲ್ಲ" ಅಂದರು ಡಾಕ್ಟರ್.
ನಿಜ. ಅದು ನನಗೂ ಗೊತ್ತು.
ಹಲ್ಲು ಯಾರ ಹೆಸರನ್ನೂ ಹೇಳುವುದಿಲ್ಲ.
ಆದರೂ ಮೂವತ್ತೊಂದನ್ನು ಹೊಡೆದುಹಾಕಿ
ಹೀಗೆ ಬರೆದುಕೊಟ್ಟೆ: ಯಾರು ಬಂದು ಕೂರುತ್ತಿದ್ದರು?
ಕೆಂಪು ಶಾಯಿ: ಅಸ್ಪಷ್ಟ. ಅಳೆಯುವುದು ಹೇಗೆ?
ಅದರ ಕೆಳಗೆ, ಊಟವಾದ ಮೇಲೆ ಬರೆದದ್ದಿರಬೇಕು:
ಎಂಬತ್ತು ಮನೆಯಲ್ಲಿ ಕೇಳಿ ನೋಡು.

ಕೇಳುತ್ತಿದ್ದೇನೆ.
ಮೊದಲು "ಯಾರೂ ಇಲ್ಲ" ಎಂದು ಥಟ್ಟನೆ ಅಂದವರು
ಈಗ ಸೂರು ನೋಡುತ್ತಾರೆ, ಬೆರಳು ಮಡಚುತ್ತಾರೆ.
ಕೆಲವರು ಮಡಚುವುದೇ ಇಲ್ಲ,
ಕೈಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು
ಮುಂದಿನ ಪ್ರಶ್ನೆ ಯಾವುದು ಅನ್ನುತ್ತಾರೆ.

ಎಲ್ಸಿರಾಳ ಮನೆಗೆ ಹೋದದ್ದು ಕೊನೆಗೆ,
ಯಾವ ಪಟ್ಟಿಯಲ್ಲೂ ಅವಳಿರಲಿಲ್ಲ.
"ಹಲ್ಲಿನವಳಾ? ತಗೋ, ನಂದೂ" ಅಂತ
ಸೆಟ್ಟು ತೆಗೆದು ಮೇಜಿನ ಮೇಲಿಟ್ಟಳು,
"ಏನೂ ಬರೆದಿರಲ್ಲ ನೋಡು, ಅಂಗಡಿಯದು."
ಬೊಚ್ಚುಬಾಯಲ್ಲಿ ನಕ್ಕು ಬುರುಡೆ ನನ್ನ ಕಡೆ ದೂಡಿದಳು.
ಕಹಿ. ನಾಲಗೆ ಸುಟ್ಟಿತು.
ನಾಯಿಯ ಹೆಸರು ಸಾರ್ಜೆಂಟ್ ಅಂತೆ,
ಒಂದು ಕಿವಿ ಮಾತ್ರ ನಿಲ್ಲುತ್ತಿತ್ತಂತೆ.