ವರ್ಷಕ್ಕೊಂದು ಉಬ್ಬರ

ಶ್ರಾವಣಕ್ಕೆ ಏರುತ್ತದೆ, ಹೋಳಿ ಕಳೆದ ಮೇಲೆ ಇಳಿಯುತ್ತದೆ.
ಬಾಗಲಕೋಟೆಯ ಹಿನ್ನೀರಿಗೆ ವರ್ಷಕ್ಕೊಂದೇ ಉಬ್ಬರ.
ಚಂದ್ರನ ಮಾತು ಕೇಳುವುದಿಲ್ಲ ಅದು,
ಆಲಮಟ್ಟಿಯ ಗೇಟಿನ ಮಾತು ಕೇಳುತ್ತದೆ.

ನನ್ನ ಕೆಲಸ ಹೂಳು ಅಳೆಯುವುದು.
ಲಗಮಣ್ಣನ ತೆಪ್ಪ, ಸೀಸದ ಗುಂಡು ಕಟ್ಟಿದ ಹಗ್ಗ,
ಇಪ್ಪತ್ತನಾಲ್ಕು ಬಾಟಲಿ, ಒದ್ದೆಯಾದ ವಹಿ.
ಗುಂಡು ಬಿಟ್ಟರೆ ತಳ ಎಲ್ಲೆಂದು ಕೈಗೆ ತಿಳಿಯದು:
ಮೊದಲು ನೀರು, ಆಮೇಲೆ ದಪ್ಪ ನೀರು,
ಆಮೇಲೆ ಅಂಬಲಿಯಂಥದ್ದು.
"ಬರಕೋರಿ ಅಕ್ಕಾರ, ಒಂಬತ್ತು ಫೂಟ.
ನಾಳೆ ಕೇಳಿದರ ಎಂಟೂವರಿ ಅಂತೈತಿ ಅದು."

ಆಳದಲ್ಲಿ ಗಾಳಿಗೆ ಕೈ ಇಲ್ಲ.
ಮೊಣಕಾಲುದ್ದ ನೀರಿನಲ್ಲಿ ಉಂಟು.
ಮೂರರ ಹೊತ್ತಿಗೆ ಪಡುವಣ ಗಾಳಿ ಎದ್ದರೆ
ಸಣ್ಣ ತೆರೆಯ ಹೊಟ್ಟೆ ತಳಕ್ಕೆ ತಾಗಿ
ನಿನ್ನೆ ಮಲಗಿದ ಮಣ್ಣು ಎದ್ದು ಕೂರುತ್ತದೆ,
ಚಹಾಕ್ಕೆ ಹಾಲು ಬಿದ್ದಂತೆ ಹರಡಿ
ಹತ್ತು ಮಾರು ಹೋಗಿ, ಗಾಳಿ ನಿಂತಲ್ಲಿ ಮತ್ತೆ ಮಲಗುತ್ತದೆ.
ಬಂದ ಹಾದಿಯಲ್ಲೇ ಅರ್ಧ ಹಿಂದಕ್ಕೆ ಹೋಗುವುದೂ ಉಂಟು.

ಖೋಲಿಯ ಕಿಟಕಿಯಲ್ಲಿ ಬಾಟಲಿಗಳ ಸಾಲು.
ಮರಳು, ನಾನು ಚಪ್ಪಲಿ ಬಿಡುವುದರೊಳಗೆ ತಳ ಸೇರಿತು.
ರೇವೆಮಣ್ಣು, ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ.
ಎರೆಮಣ್ಣು ಮಾತ್ರ ಮೂರನೆಯ ದಿನವೂ ಮಬ್ಬು,
ಇಳಿಯಲೊಲ್ಲದು.
ಒಂದು ಕಣಕ್ಕೆ ಇನ್ನೊಂದು ಅಂಟಿದರಷ್ಟೇ ಭಾರ.
ಉಪ್ಪಿದ್ದಲ್ಲಿ ಬೇಗ ಅಂಟುತ್ತವಂತೆ, ನದಿ ಕಡಲಿಗೆ ಬಾಯಿಡುವಲ್ಲಿ.
ರಾತ್ರಿ ಒಂದು ಬಾಟಲಿಗೆ ಅಡುಗೆಯ ಉಪ್ಪು ಹಾಕಿ ಕುಲುಕಿದೆ.
ಬೆಳಗಾಗುವುದರೊಳಗೆ ತಿಳಿ.
ಆ ಮಣ್ಣು ಎಂದೂ ಮುಟ್ಟದ ಕಡಲನ್ನು
ಡಬ್ಬಿಯಿಂದ ತೆಗೆದು ಕೊಟ್ಟಂತಾಯಿತು.
ವಹಿಯಲ್ಲಿ ಬರೆಯಲಿಲ್ಲ.

ನೀರು ಸರಿದ ಬಯಲಲ್ಲಿ
ಪಟ್ಟೆತಲೆ ಬಾತುಗಳ ಹೆಜ್ಜೆ, ಎಮ್ಮೆಯ ಗೊರಸು,
ಇಟ್ಟಂಗಿ ಭಟ್ಟಿಗೆ ಹೋದ ಟ್ರ್ಯಾಕ್ಟರಿನ ಗಾಲಿ.
ಲಗಮಣ್ಣ ಗಳ ಊರಿ ನಿಂತ.
"ಇಲ್ಲೇ ನಮ್ಮತ್ತಿ ಹಿಟ್ಟಿನ ಗಿರಣಿ ಇತ್ತು."
ಗಳ ಕಲ್ಲಿಗೆ ಬಡಿಯಬೇಕಿತ್ತು. ಬಡಿಯಲಿಲ್ಲ.
ಮೊದಮೊದಲು ಗೇಣು ಕೆಳಗೆ ಸಿಗುತ್ತಿತ್ತಂತೆ.
"ಮ್ಯಾಲೆ ಕುಂತದ್ದು ಯಾರ ಹೊಲ ನೋಡ್ರಿ.
ಗೋಕಾಕದ್ದೂ ಐತಿ, ಮುಧೋಳದ್ದೂ ಐತಿ.
ನಂದು ಅಂತ ಕೇಳಾಕ ಒಬ್ಬರೂ ಬರಲಿಲ್ಲ."
ಹಿತ್ತಲ ಮೆಂತ್ಯೆಗೆಂದು ಚೀಲ ತುಂಬಿಕೊಂಡ.

ನಾನು ಚಪ್ಪಲಿ ಕೆರೆದು ಕೆರೆದು ಬಸ್ಸು ಹತ್ತಿದೆ.
ಬೆಳಿಗ್ಗೆ ನವನಗರದ ಮನೆಯ ಮೆಟ್ಟಿಲ ಮೇಲೆ
ಒಣಗಿದ ಒಂದು ಹೆಜ್ಜೆ, ಅರ್ಧ.
ಬಾಗಿಲು ತೆರೆದ ಗಾಳಿಗೆ
ಅದೂ ಏಳುತ್ತಿತ್ತು.