ಗೆಣ್ಣು

ಕೈ ತೋರಿಸಲು ಹೋದವಳಿಗೆ
‘ಬಾಯಿ ತೆಗೀರಿ’ ಅಂದರು ಡಾಕ್ಟರು.

ನೋವು ಇಲ್ಲಿ ಸ್ವಾಮಿ, ಎಂದು ಮತ್ತೆ ಚಾಚಿದೆ
ಮೇಜಿನ ಮೇಲೆ ಎರಡೂ ಕೈ.
ಬೆಳಗಿನ ಹೊತ್ತು ಮುಷ್ಟಿಗೆ ಬಾರದ ಬೆರಳು,
ದಿನವೂ ನಾನು ಸವರಿ ಹಾಕುವ ಗೆಣ್ಣು
ನನ್ನ ಬೆರಳಿಗೇ ಬಂದು ಕೂತಿದೆ, ಬಿಸಿಯಾಗಿ.
ಅವರು ಟಾರ್ಚು ಬಿಟ್ಟು ವಸಡು ನೋಡಿದರು,
ಒಂದು ಹಲ್ಲು ಅಲ್ಲಾಡಿಸಿ ಏನೋ ಬರೆದುಕೊಂಡರು.
‘ಕಡ್ಡಿಪುಡಿ ಎಷ್ಟು ವರ್ಷದಿಂದ?’

ಹೇಗೆ ಲೆಕ್ಕ ಹಾಕಲಿ.
ಮಂಡ್ಯ ಸ್ಟೇಷನ್ನಿನ ಎದುರು
ಕಬ್ಬಿನ ಹಾಲಿನ ಗಾಡಿ ಇಟ್ಟ ವರ್ಷ
ಹಿರಿಯವಳು ಹುಟ್ಟಿದ್ದು.
ಆ ಬಾಣಂತನದಲ್ಲೇ ಅತ್ತೆ ಡಬ್ಬಿ ಕೊಟ್ಟದ್ದು:
‘ವಸಡಿಗೆ ಉಜ್ಜು, ಹಲ್ಲುನೋವು ಹೋಗ್ತದೆ.’
ಹೋಯಿತು. ಡಬ್ಬಿ ಉಳಿಯಿತು.
ಉಗುಳಿದರೆ ಕೆಂಪು. ಉಷ್ಣ, ಅಂದುಕೊಂಡು
ಮಜ್ಜಿಗೆ ಕುಡಿದೆ.

‘ಇದರಿಂದಲೇ ಅದು ಅನ್ನಲಾರೆ,
ಆದರೆ ಎರಡಕ್ಕೂ ನಂಟಿದೆ’ ಅಂದರು ಡಾಕ್ಟರು.
ವಸಡಿನ ಸಂದಿಯ ಹುಳ
ಮೈಯೊಳಗಿನವರ ಅಂಗಿ ಬದಲಿಸುತ್ತದಂತೆ,
ಗುರುತು ಸಿಗದೆ ಕಾವಲುನಾಯಿ
ಮನೆಯವರನ್ನೇ ಕಚ್ಚುತ್ತದಂತೆ.

ನಮ್ಮನೆಯೋರು ನಾಲೆಯ ನೀರುಗಂಟಿ.
ಅಂಗಿ, ನಾಯಿ ಒಂದೂ ಹಿಡಿಸಲಿಲ್ಲ ಅವರಿಗೆ.
ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು ಅಂದರು:
‘ಮೇಲಿನ ತೂಬು ಸೋರಿದರೆ
ಕೊನೇ ಗದ್ದೇಲಿ ಜೌಗು. ಅಷ್ಟೇ ತಾನೆ?’

ಮರುದಿನ ಬ್ರಷ್ಷು ಹಿಡಿದೆ.
ಹಿಡಿದೆ ಅನ್ನುವುದು ಸುಳ್ಳು,
ಜಾರಿ ಬಚ್ಚಲಿಗೆ ಬಿತ್ತು, ಎರಡು ಸಲ.
ಕೈಯನ್ನು ಕೆಡಿಸಿದ ಬಾಯಿ,
ಆ ಬಾಯಿ ತೊಳೆಯಲು ಈಗ ಕೈ ಇಲ್ಲ.
ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ,
ಬಾಯಿ ಕೆಸರಾದವರ ಕೈಗೆ ಏನು ಗತಿಯೋ
ಗಾದೆ ಕಟ್ಟಿದ ಪುಣ್ಯಾತ್ಮರು ಹೇಳಲಿಲ್ಲ.

ಇವರು ಮಾತಾಡದೆ
ಹಳೇ ಸೈಕಲ್ಲಿನ ಹ್ಯಾಂಡಲ್ ರಬ್ಬರು ಕಿತ್ತು
ಬಟ್ಟೆ ಸುತ್ತಿದ ಬ್ರಷ್ಷನ್ನು ಅದರೊಳಗೆ ತುರುಕಿ ಕೊಟ್ಟರು.
ಕಪ್ಪಗೆ, ದಪ್ಪಗೆ, ತುಂಡು ಜಲ್ಲೆಯ ಹಾಗೆ.
ಬೆರಳು ಪೂರ್ತಿ ಮಡಚದಿದ್ದರೂ ನಿಲ್ಲುತ್ತದೆ.

ಮೂರು ತಿಂಗಳಾಯಿತು.
ಕಬ್ಬು ಸವರಲು ಪಕ್ಕದ ಬೀದಿ ಹುಡುಗ ಬರುತ್ತಾನೆ,
ಲೋಟ ತೊಳೆಯುವುದು, ಚಿಲ್ಲರೆ ಕೊಡುವುದು ನಾನು.
ಇವತ್ತು ಉಗುಳಿದ್ದು ಬೆಳ್ಳಗಿತ್ತು.
ಮುಷ್ಟಿ ಇನ್ನೂ ಅರ್ಧಕ್ಕೇ ನಿಲ್ಲುತ್ತದೆ.

ಅತ್ತೆಯ ಡಬ್ಬಿಯನ್ನು ಸೀಗೆಪುಡಿಯಲ್ಲಿ ತಿಕ್ಕಿ
ವಾರಕ್ಕೊಮ್ಮೆಯ ಮಾತ್ರೆ ಅದರಲ್ಲಿಟ್ಟಿದ್ದೇನೆ.
ಶನಿವಾರ ರಾತ್ರಿ ಮುಚ್ಚಳ ತೆಗೆದರೆ
ಅದೇ ಹಳೇ ಘಾಟು.
ನಾಲಿಗೆ ತಾನಾಗಿಯೇ ಎದ್ದು
ವಸಡಿನ ಹತ್ತಿರ ಹೋಗಿ ಕಾಯುತ್ತದೆ.