ಎಂಬತ್ತೆರಡು

ಸತ್ಯಮಂಗಲದಲ್ಲಿ ಗಾಡಿ ಫಿಟ್ ಎಂದು
ಸೀಲು ಹಾಕಿಸಿಕೊಂಡು ಬರುತ್ತಿದ್ದೆ.
ದಿಂಬಂ ಘಾಟಿಯ ಹತ್ತೊಂಬತ್ತನೇ ತಿರುವಿನಲ್ಲಿ
ಮುಳ್ಳು ಕೆಂಪಿಗೆ ಹೋಗಿ ಕೂತುಬಿಟ್ಟಿತು.
ಗಂಟೆ ಐದು. ಆರಕ್ಕೆ ಗೇಟು ಹಾಕುತ್ತಾರೆ,
ಆಮೇಲೆ ದಾರಿ ಆನೆಯದು.
ಕುಡಿಯುವ ನೀರನ್ನೆಲ್ಲ ಸುರಿದು, ನಿಂತು, ನಿಂತು,
ಅಂತೂ ತಾಳವಾಡಿಯ ಅಂಗಳಕ್ಕೆ ತಂದಾಗ
ಓಮ್ನಿ ಒಳಗೊಳಗೇ ಗೊರಗುಟ್ಟುತ್ತಿತ್ತು.

ಮೆಕ್ಯಾನಿಕ್ ಸೆಲ್ವರಾಜು ಫೋನಿನಲ್ಲೇ ತೀರ್ಪು ಕೊಟ್ಟ:
'ಹೆಡ್ಡು ಪೋಚು ಅಕ್ಕಾ. ಹನ್ನೆರಡು ಸಾವಿರ.'
ಕಣಿ ಹೇಳುವವಳೂ ಕೈಯನ್ನಾದರೂ ನೋಡುತ್ತಾಳೆ.

ಭಾನುವಾರ, ಸ್ಕೂಲಿಲ್ಲ.
ಡ್ರೈವರ್ ಸೀಟು ಎತ್ತಿದೆ. ಅದರಡಿಯಲ್ಲೇ ಇಂಜಿನು.
ಆರು ವರ್ಷ, ಹದಿನಾಲ್ಕು ಮಕ್ಕಳನ್ನು ತುಂಬಿಕೊಂಡು
ನಾನು ಒಲೆಯ ಮೇಲೆ ಕೂತು ಓಡಾಡಿದ್ದೆ,
ಸೊಂಟ ಬೆವರಿದರೆ ಬಿಸಿಲನ್ನು ಬೈದಿದ್ದೆ.

ಗಂಡ ಸಿದ್ದಮಲ್ಲು ಟಾರ್ಚು ಹಿಡಿದ.
ಟಾರ್ಚು ಹಿಡಿದವರು ತಾವು ನೋಡಬೇಕೆಂದದ್ದಕ್ಕೆ
ಬೆಳಕು ಬಿಡುತ್ತಾರೆ, ನಮಗೆ ಬೇಕಾದ್ದಕ್ಕಲ್ಲ.
ಹತ್ತರ ಸ್ಪ್ಯಾನರ್ ಒಂದು ಬೋಲ್ಟು ಬಿಚ್ಚಿಕೊಟ್ಟು
ಕಾಣೆಯಾಯಿತು.
ಇನ್ನೊಂದನ್ನು ಇಕ್ಕಳದಲ್ಲಿ ಕಚ್ಚಿ ತಿರುವಿ
ಬೆರಳಿನ ಗೆಣ್ಣು ತರಚಿಕೊಂಡೆ.

ಹೋಸು ಕಿತ್ತಾಗ ಬಂದ ನೀರು ತುಕ್ಕಿನ ಬಣ್ಣ,
ಅದರೊಳಗೆ ಬಿಳಿ ಚಕ್ಕೆ:
ನಮ್ಮ ಬೋರಿನದು, ಆಸನೂರಿನ ಟೀ ಅಂಗಡಿಯದು,
ಚಾಮರಾಜನಗರದ ನಲ್ಲಿಯದು, ಒಮ್ಮೆ
ಒಬ್ಬ ಹುಡುಗನ ವಾಟರ್‌ಬ್ಯಾಗಿನ ನಿಂಬೆ ಶರಬತ್ತೂ.
ಎರಡು ರಾಜ್ಯದ ಸುಣ್ಣ
ಒಂದೇ ಪೈಪಿನಲ್ಲಿ ಜಗಳವಿಲ್ಲದೆ ಗಟ್ಟಿಯಾಗಿತ್ತು.
ಅತ್ತೆ ದುಂಡಮ್ಮ ಕೋಳಿಗಳನ್ನು ಅಟ್ಟಿ
ಆ ನೀರಿನ ಮೇಲೆ ಬೂದಿ ಸುರಿದರು.

ಮೂಲೆಯಲ್ಲಿತ್ತು ಅದು, ಥರ್ಮೋಸ್ಟಾಟು.
ಬೆಲ್ಲದ ಅಚ್ಚಿನಷ್ಟಗಲದ ಹಿತ್ತಾಳೆ ಬಾಗಿಲು,
ನೀರು ಕಾದರೆ ತಾನೇ ತೆರೆಯಬೇಕು.
ಅಂಚಿನಲ್ಲಿ ಒತ್ತಿದ್ದರು: 82.

ಸಾರಿನ ಪಾತ್ರೆಗೆ ನೀರು ಹುಯ್ದು ಒಲೆಗಿಟ್ಟೆ.
ದಾರ ಕಟ್ಟಿ ಅದನ್ನು ಇಳಿಬಿಟ್ಟೆ; ಪಕ್ಕಕ್ಕೆ
ಹಾಲಿನ ಡೈರಿಯಿಂದ ಕೇಳಿ ತಂದ ಥರ್ಮಾಮೀಟರು.
'ಆ ಪಾತ್ರೆಲಿ ಇನ್ನು ಯಾರುಂಡಾರು?' ಅಂದರು ಅತ್ತೆ.
ಅಂದು, ಮಣೆ ಎಳೆದುಕೊಂಡು ಅಲ್ಲೇ ಕೂತರು.

ಅರವತ್ತು. ಎಪ್ಪತ್ತು.
'ಇನ್ನೂ ಮಾತಾಡಿಲ್ಲ ಕನವ್ವ ನೀರು.'
ತಳದಲ್ಲಿ ಸಣ್ಣಗೆ ಗುಂಯ್ ಎಂದದ್ದು
ನನಗಿಂತ ಮೊದಲು, ಪಾದರಸಕ್ಕಿಂತ ಮೊದಲು
ಅವರಿಗೆ ಕೇಳಿತು: 'ಈಗ ಸುರು ಮಾಡ್ತು.'
ಎಂಬತ್ತೆರಡು.
ತೊಂಬತ್ತು. ಕುದಿ ಬಂತು, ಮುಚ್ಚಳ ಕುಣಿಸುವಷ್ಟು ಕುದಿ,
ಬಾಗಿಲು ತೆರೆಯಲಿಲ್ಲ.
ಅತ್ತೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.
'ಬಾಯೇ ಬುಡ್ದೆ ಕೂತದ.
ನೀ ಎಷ್ಟ್ ನೀರ್ ಹುಯ್ದ್ರೇನ?'

ಮಂಗಳವಾರದ ಬಸ್ಸಿನಲ್ಲಿ
ಕಂಡಕ್ಟರ್ ಪಳನಿಯ ಜೇಬಿನಲ್ಲಿ ಹೊಸದು ಬಂತು.
ನಾನೂರ ಇಪ್ಪತ್ತು ರೂಪಾಯಿ, ಪಳನಿಗೊಂದು ಟೀ.
ಅದನ್ನೂ ಮೊದಲು ಸಾರಿನ ಪಾತ್ರೆಯಲ್ಲೇ ನೋಡಿದೆವು:
ಕೋಳಿಮರಿ ಕೊಕ್ಕು ಬಿಟ್ಟ ಹಾಗೆ
ಕೂದಲೆಳೆಯಷ್ಟು, ಆಮೇಲೆ ಅಗಲ.
ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕದ್ದಕ್ಕೆ
ಸಿದ್ದಮಲ್ಲು ಸರಿಯಾಗಿ ಬೆಳಕು ಬಿಟ್ಟಿದ್ದ.

ಹೆಡ್ಡಿಗೆ ಏನೂ ಆಗಿರಲಿಲ್ಲ.
ಸೆಲ್ವರಾಜುಗೆ ಫೋನು ಮಾಡಿ ಹೇಳಬೇಕೆನಿಸಿತು,
ಮಾಡಲಿಲ್ಲ. ಕ್ಲಚ್ಚಿಗೆ ಅವನೇ ಬೇಕು.

ಈಗ ಮುಳ್ಳು ನಡುವಿನಲ್ಲೇ ನಿಲ್ಲುತ್ತದೆ.
ಬೆಳಗ್ಗೆ ನಾನು ಗಾಜು ಒರೆಸುವಾಗ
ಎಸರಿಗೆ ಕಿವಿಯಿಟ್ಟು ಕೂತ ಅತ್ತೆ ಕೂಗುತ್ತಾರೆ:
'ಎಂಬತ್ತೆರಡಾಯ್ತು, ಹಿಟ್ಟು ತಕ್ಕ ಬಾ.'

ಹತ್ತರ ಸ್ಪ್ಯಾನರ್ ಇನ್ನೂ ಸಿಕ್ಕಿಲ್ಲ.
ಇಂಜಿನಿನ ಯಾವುದೋ ಸಂದಿಯಲ್ಲಿದೆ,
ತಿರುವಿನಲ್ಲಿ ಒಮ್ಮೊಮ್ಮೆ ಟಣ್ ಎನ್ನುತ್ತದೆ.
ಮಕ್ಕಳು ಆ ಸದ್ದಿಗೊಂದು ಹೆಸರಿಟ್ಟಿದ್ದಾರೆ;
ಕೇಳಿದರೆ ನನಗೆ ಹೇಳುವುದಿಲ್ಲ.